ಮೂವತ್ತು–ನಲವತ್ತರ ಮನೆಗೆ ಎಷ್ಟು ರೈಲು?

ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರಂ 1,507 ಮೀಟರ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಸುದ್ದಿಯಾಗಿತ್ತು. ಅದನ್ನು 87 ಪಾಲು ಮಾಡಿ ಒಂದು ಪಾಲನ್ನಷ್ಟೇ ಉಳಿಸಿಕೊಂಡರೆ 17.3 ಮೀಟರ್. ಜಯನಗರದಲ್ಲೋ ಜೆ.ಪಿ. ನಗರದಲ್ಲೋ 30–40ರ ಸೈಟು ಇರುವವರು ಟೇಪು ಹಿಡಿದು ನೋಡಲಿ, ಸೈಟಿನ ಉದ್ದವೇ 12.2 ಮೀಟರ್. ಪುಟಾಣಿ ಹುಬ್ಬಳ್ಳಿ ನಮ್ಮ ಗೇಟಿನಲ್ಲಿ ಶುರುವಾದರೆ ಹಿಂದಿನ ಬೀದಿಯವರ ಅಡುಗೆಮನೆಯಲ್ಲಿ ಮುಗಿಯುತ್ತದೆ. 160 ಪಾಲು ಮಾಡಿದರೆ 9.4 ಮೀಟರ್ ಉಳಿಯುತ್ತದೆ. ಸೈಟಿನ ಉದ್ದಕ್ಕೆ ಹಿಡಿಸುತ್ತದೆ, ಅಗಲಕ್ಕೆ ಒಂದು ಗೇಣಿನಷ್ಟು ಹೆಚ್ಚಾಗುತ್ತದೆ. 220 ಪಾಲಾದರೆ ಏಳು ಮೀಟರಿಗೆ ಕೊಂಚ ಕಡಿಮೆ. ಹಾಲ್‌ಗೂ ಊಟದ ಮನೆಗೂ ನಡುವೆ ಗೋಡೆ ಇಲ್ಲದಿದ್ದರೆ ನಡೆದೀತು.

ಹುಬ್ಬಳ್ಳಿ ಪ್ಲಾಟ್‌ಫಾರಂ ಅನ್ನು ಮನೆಯೊಳಗೆ ಕಟ್ಟುತ್ತೇನೆಂದು ಯಾರೂ ಹೊರಡುವುದಿಲ್ಲ ಬಿಡಿ. ಆದರೆ ಮನೆಯಲ್ಲಿ ಪುಟ್ಟ ರೈಲು ಓಡಿಸುವ ಹವ್ಯಾಸಕ್ಕೆ ಕೈಹಾಕಿದವರಿಗೆ ಮೊದಲು ಎದುರಾಗುವುದು ಈ ಭಾಗಾಕಾರವೇ. ಎಂಜಿನ್ ಯಾವ ಬಣ್ಣ, ಯಾವ ಕಂಪನಿ ಎಂಬುದೆಲ್ಲ ಆಮೇಲಿನ ಮಾತು. ಯಾವ ಸ್ಕೇಲ್ ಎಂದು ಒಮ್ಮೆ ತೀರ್ಮಾನಿಸಿ ದುಡ್ಡು ಹಾಕಿದಿರೋ, ಹಳಿ, ಬೋಗಿ, ಗಿಡ, ಮನೆ, ಪ್ಲಾಟ್‌ಫಾರಂ ಮೇಲೆ ನಿಲ್ಲುವ ಗೊಂಬೆಯವರೆಗೆ ಎಲ್ಲವೂ ಅದೇ ಅಳತೆಯಲ್ಲಿ ಬರಬೇಕು. ನಡುವೆ ಮನಸ್ಸು ಬದಲಾದರೆ ಇದ್ದದ್ದನ್ನೆಲ್ಲ ಮಾರಿ ಹೊಸದಾಗಿ ಶುರುಮಾಡಬೇಕು.

ಅಳತೆಗಳ ಪಟ್ಟಿ ದೊಡ್ಡದು, ಬಳಕೆಯಲ್ಲಿರುವವು ಬೆರಳೆಣಿಕೆಯಷ್ಟು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅಂಕಿ ಹಾಕಿದ ಹಳಿ ಅಗಲಗಳನ್ನು ಮುಂದಿಟ್ಟಿತು. ಹಳಿಯಿಂದ ಹಳಿಗೆ 32 ಮಿಲಿಮೀಟರ್ ಇರುವ ‘ಒ’ ಗೇಜ್ ಬಂದದ್ದು ಆ ಸಾಲಿನಲ್ಲೇ. ಅದರ ಅರ್ಧದಷ್ಟು, ಅಂದರೆ 16.5 ಮಿಲಿಮೀಟರ್ ಹಳಿಯ ಮೇಲೆ 1:87ರಲ್ಲಿ ಓಡುವುದು ‘ಎಚ್‌ಒ’. ಇವತ್ತು ಜಗತ್ತಿನಲ್ಲಿ ಹೆಚ್ಚು ಮಂದಿ ಕಟ್ಟುವುದು ಇದನ್ನೇ. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಬೃಹತ್ ಪ್ರದರ್ಶನವೂ, ಪುಣೆಯ ಕೋಥ್ರೂಡ್‌ನಲ್ಲಿ ಜೋಶಿಯವರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ಕೂಡ ಎಚ್‌ಒ ಅಳತೆಯವೇ. ಅದಕ್ಕಿಂತ ಚಿಕ್ಕದು ‘ಎನ್’, 9 ಮಿಲಿಮೀಟರ್ ಹಳಿ, 1:160. ಮಾರ್ಕ್ಲಿನ್ 1972ರಲ್ಲಿ ತಂದ ‘ಝಡ್’ ಇನ್ನೂ ಚಿಕ್ಕದು, 6.5 ಮಿಲಿಮೀಟರ್ ಹಳಿ, 1:220. ಅದರ ಎಂಜಿನ್ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ದೊಡ್ಡವರ ಪೈಕಿ ‘ಜಿ’, 45 ಮಿಲಿಮೀಟರ್ ಹಳಿಯದ್ದು, ಹಿತ್ತಲಿಗೋ ತಾರಸಿಗೋ ಹೇಳಿಮಾಡಿಸಿದ್ದು.

ಅಂಗಡಿಯವರೂ ವಿಡಿಯೊ ಮಾಡುವವರೂ ಕೊಡುವ ಸಲಹೆ ಸಾಮಾನ್ಯವಾಗಿ ಇಷ್ಟೇ: ಜಾಗ ಇದ್ದರೆ ಎಚ್‌ಒ, ಇಲ್ಲದಿದ್ದರೆ ಎನ್. ಅಮೆರಿಕದಲ್ಲಿ ಮನೆಯಡಿಯ ನೆಲಮಾಳಿಗೆ ಇರುವವರಿಗೆ ಇಷ್ಟು ಸಾಕು. ಬನಶಂಕರಿಯಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಕೂತು, ಅದೂ ನಮ್ಮ ರೈಲನ್ನೇ ಓಡಿಸಬೇಕೆಂಬ ಆಸೆ ಇರುವವರಿಗೆ ಸಾಲದು. ಇಲ್ಲಿ ಜಾಗದ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಜಾಗ.

ಈಗಿನ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 24 ಮೀಟರ್. ಎಚ್‌ಒದಲ್ಲಿ ಅದು 27.6 ಸೆಂಟಿಮೀಟರ್. ಇಪ್ಪತ್ತೆರಡು ಬೋಗಿಯ ಗಾಡಿ ಜೋಡಿಸಿದರೆ ಆರು ಮೀಟರ್ ದಾಟುತ್ತದೆ. ಹತ್ತು–ಹನ್ನೆರಡರ ಕೋಣೆಯ ಉದ್ದ ಮೂರೂವರೆ ಮೀಟರಿಗೆ ತುಸು ಹೆಚ್ಚು. ಗಾಡಿ ಕೋಣೆಯಲ್ಲಿ ನೇರವಾಗಿ ನಿಲ್ಲುವುದಕ್ಕೂ ಆಗುವುದಿಲ್ಲ. ಎನ್‌ನಲ್ಲಿ ಅದೇ ಗಾಡಿ 3.3 ಮೀಟರ್. ನಿಲ್ಲುತ್ತದೆ, ಆದರೆ ಹೊರಡಲು ಜಾಗವಿಲ್ಲ. ಹಾಗಾಗಿ ಯಾವ ಸ್ಕೇಲ್ ಆದರೂ ಬೋಗಿಗಳನ್ನು ಕಡಿಮೆ ಮಾಡಿಕೊಳ್ಳಲೇಬೇಕು. ಎಚ್‌ಒದಲ್ಲಿ ಐದು, ಎನ್‌ನಲ್ಲಿ ಎಂಟೋ ಹತ್ತೋ ಬೋಗಿ ಕಟ್ಟಿಕೊಂಡು ‘ಇದು ಎಕ್ಸ್‌ಪ್ರೆಸ್’ ಎಂದು ನಂಬಿಕೊಳ್ಳುವುದು ಈ ಹವ್ಯಾಸದ ಮೊದಲ ಒಪ್ಪಂದ.

ಉದ್ದಕ್ಕಿಂತ ಹೆಚ್ಚು ಕಾಡುವುದು ತಿರುವು. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ನಲ್ಲಿ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಎಚ್‌ಒದಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸಿದರೆ ತ್ರಿಜ್ಯವೇ ಎರಡು ಮೀಟರ್, ವೃತ್ತ ಪೂರ್ತಿಯಾಗಲು ನಾಲ್ಕು ಮೀಟರ್ ಬೇಕು. ಪೆಟ್ಟಿಗೆಯಲ್ಲಿ ಬರುವ ಎಚ್‌ಒ ಹಳಿಯ ಸಾಮಾನ್ಯ ತಿರುವು 438 ಮಿಲಿಮೀಟರ್ ತ್ರಿಜ್ಯದ್ದು. ನಿಜದ ಲೆಕ್ಕಕ್ಕೆ ತಿರುಗಿಸಿದರೆ 38 ಮೀಟರ್, ಬಿಎಂಟಿಸಿ ಬಸ್ಸು ತಿರುಗುವಂಥ ತಿರುವು. ಅದರ ಮೇಲೆ ಎಲ್‌ಎಚ್‌ಬಿ ಬೋಗಿ ಹೋದರೆ ಮೂಲೆಗಳು ಹೊರಚಾಚಿ ಪಕ್ಕದ ಕಂಬಕ್ಕೆ ಬಡಿಯುತ್ತವೆ. ಎಂಟು–ನಾಲ್ಕರ ಪ್ಲೈವುಡ್ ಹಾಳೆಯ ಅಗಲ 1.22 ಮೀಟರ್. ಎಚ್‌ಒದ ಒಂದು ಸುತ್ತು ಅದರೊಳಗೆ ಕೂರುತ್ತದೆ, ಅಷ್ಟೇ. ಎನ್‌ನಲ್ಲಿ ಜಪಾನಿನ ಕಾಟೊ ಕಂಪನಿಯ 282 ಮಿಲಿಮೀಟರ್ ತಿರುವಾದರೆ ಹಳೆಯ ಬಾಗಿಲೊಂದರ ಮೇಲೆ ಇಡೀ ಸುತ್ತು ಮುಗಿಯುತ್ತದೆ. ಮನೆ ರಿಪೇರಿಯಲ್ಲಿ ಕಳಚಿಟ್ಟ ಫ್ಲಶ್ ಡೋರ್ ಇದ್ದರೆ ಬಿಸಾಡಬೇಡಿ. ಗಟ್ಟಿ, ಹಗುರ, ಸಮತಟ್ಟು. ಎನ್ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ.

ಇನ್ನು ಆಮೇಲೆ ಬರುತ್ತೇನೆಂದ ಲೆಕ್ಕ. 16.5 ಮಿಲಿಮೀಟರನ್ನು 87ರಿಂದ ಗುಣಿಸಿದರೆ 1,435 ಬರುತ್ತದೆ. ಯುರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್ ಅದು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. 87ರಲ್ಲಿ ಅದಕ್ಕೆ ಬೇಕಾದ ಹಳಿ 19.3 ಮಿಲಿಮೀಟರ್, ಅಂಥ ಹಳಿ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಎಚ್‌ಒ ಹಳಿಯ ಮೇಲೆ ನಮ್ಮ ಡಬ್ಲ್ಯುಎಪಿ–7 ಎಂಜಿನ್ನನ್ನು ನಿಲ್ಲಿಸಿದರೆ ಮೇಲಿನ ಮೈ ಸರಿಯಾಗಿದ್ದು ಕಾಲು ಒಳಗೆ ಸೇರಿದಂತೆ ಕಾಣುತ್ತದೆ. ಹಳಿ ಶೇ 14ರಷ್ಟು ಕಿರಿದು. ಎನ್‌ನಲ್ಲೂ ಇದೇ ಪಾಡು, ಬೇಕಾದ್ದು 10.5, ಸಿಗುವುದು 9. ಮೈಯ ಅಗಲದಲ್ಲೂ ವ್ಯತ್ಯಾಸವಿದೆ. ನಮ್ಮ ಬೋಗಿ 3.24 ಮೀಟರ್ ಅಗಲ, ಜರ್ಮನಿಯ ಸಾಮಾನ್ಯ ಬೋಗಿ 2.8ರ ಆಸುಪಾಸು. ಜರ್ಮನ್ ಮಾಡೆಲ್ ಬೋಗಿ ಕೊಂಡು ನೀಲಿಯೋ ಕೆಂಪೋ ಬಳಿದು ‘ಕಾವೇರಿ ಎಕ್ಸ್‌ಪ್ರೆಸ್’ ಎಂದು ಬರೆದರೆ, ರೈಲು ನೋಡಿ ಬೆಳೆದವರ ಕಣ್ಣಿಗೆ ಅದು ಪಥ್ಯ ಮಾಡಿ ಸೊರಗಿದ ಕಾವೇರಿ.

ಇದಕ್ಕೆ ಬೇಸರ ಮಾಡಿಕೊಂಡು ಕೈಬಿಡುವವರು ಬ್ರಿಟಿಷರ ಕಡೆ ನೋಡಬೇಕು. ಅವರ ರೈಲು ಯುರೋಪಿನದಕ್ಕಿಂತ ಮೈಯಲ್ಲಿ ಚಿಕ್ಕದು. 1930ರ ದಶಕದ ಮೋಟಾರುಗಳು 1:87ರ ಬ್ರಿಟಿಷ್ ಎಂಜಿನ್ನಿನ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೈಯನ್ನು 1:76ಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5 ಮಿಲಿಮೀಟರಲ್ಲೇ ಉಳಿಸಿಕೊಂಡರು. ‘ಒಒ’ ಎಂದರೆ ಇದೇ. 1938ರ ಹಾರ್ನ್‌ಬಿ ಡಬ್ಲೊದಿಂದ ಇವತ್ತಿನವರೆಗೆ ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಹುಪಾಲು ಮಂದಿ ಶೇ 12ರಷ್ಟು ಕಿರಿದಾದ ಹಳಿಯ ಮೇಲೆ ಸಂತೋಷವಾಗಿ ರೈಲು ಓಡಿಸುತ್ತಿದ್ದಾರೆ. ಸಹಿಸಲಾರದ ಕೆಲವರು 18.83 ಮಿಲಿಮೀಟರಿನ ಹಳಿಯನ್ನು ಕೈಯಾರೆ ಕೂಡಿಸುತ್ತಾರೆ, ಅದು ಬೇರೆ ವ್ರತ. ಸ್ಪೇನಿನ ಗೇಜ್ 1,668 ಮಿಲಿಮೀಟರ್, ನಮ್ಮದಕ್ಕೆ ಎಂಟೇ ಮಿಲಿಮೀಟರ್ ಕಡಿಮೆ. ಅಲ್ಲಿನ ಎಲೆಕ್ಟ್ರೊಟ್ರೆನ್ ಕಂಪನಿ ತನ್ನ ದೇಶದ ರೈಲುಗಳನ್ನು ಎಚ್‌ಒ ಹಳಿಯ ಮೇಲೇ ಮಾರುತ್ತದೆ, ಜನ ಕೊಳ್ಳುತ್ತಾರೆ. ಬ್ರಾಡ್‌ಗೇಜ್ ರೈಲೇ ಬೇಕೆನ್ನುವವರು ಸ್ಪೇನಿನವರ ದಾರಿ ಹಿಡಿಯಬಹುದು. ಹಳಿಯನ್ನು ಪಕ್ಕದಿಂದ ನೋಡುವ ಹಾಗೆ ಲೇಔಟನ್ನು ಕಣ್ಣಿನ ಎತ್ತರಕ್ಕೆ ಇಟ್ಟರೆ ಈ ಕಿರಿದು ಅಷ್ಟಾಗಿ ಕಾಣಿಸುವುದೂ ಇಲ್ಲ.

ಆದರೆ ಬ್ರಾಡ್‌ಗೇಜೇ ಏಕೆ? ಇದು ನನ್ನ ತಕರಾರು. ಕರ್ನಾಟಕದ ನೆಲದ ಮೇಲೆ ಒಂದಲ್ಲ, ಐದು ಅಗಲದ ಹಳಿಗಳು ಬಿದ್ದಿವೆ. ಮದ್ರಾಸಿನಿಂದ 1864ರಲ್ಲಿ ದಂಡು ಪ್ರದೇಶಕ್ಕೆ ಬಂದ ಬ್ರಾಡ್‌ಗೇಜ್. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ಮೀಟರ್‌ಗೇಜ್. 1910ರ ದಶಕದಲ್ಲಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಗಳನ್ನು ಕೂಡಿಸಿದ ಎರಡೂವರೆ ಅಡಿಯ ನ್ಯಾರೋಗೇಜ್. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿನ ಕಡೆಗೆ ಹೋಗುತ್ತಿದ್ದ ಎರಡೇ ಅಡಿಯ ಟ್ರಾಮ್‌ವೇ. ಐದನೆಯದು ನಮ್ಮ ಮೆಟ್ರೊ. ಸ್ಕೇಲ್ ಆಯ್ಕೆ ಮಾಡುವ ಮುನ್ನ ಇವುಗಳಲ್ಲಿ ಯಾವುದು ಬೇಕೆಂದು ಕೇಳಿಕೊಂಡರೆ ಅಂಗಡಿಯ ಹಳಿಗೂ ನಮ್ಮ ರೈಲಿಗೂ ಇರುವ ಜಗಳ ಅರ್ಧ ಮುಗಿದಂತೆ.

ಮೊದಲು ಮೆಟ್ರೊ. ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ರೈಲು ಎಂದರೆ ಈಗ ಅದೇ. ಜಯನಗರ, ಬಿಟಿಎಂ ಲೇಔಟುಗಳ ಒಳಗೆ ಭಾರತೀಯ ರೈಲ್ವೆಯ ಹಳಿ ಎಂದೂ ಇರಲಿಲ್ಲ. ಮೈಸೂರು ಮಾರ್ಗ ನಾಯಂಡಹಳ್ಳಿ, ಕೆಂಗೇರಿ ಮೇಲೆ ಸರಿದುಹೋಗುತ್ತದೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿವರೆಗೆ ತೆರೆದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರದವರ ಮಹಡಿಯ ಎತ್ತರಕ್ಕೆ ರೈಲು ಬಂತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೊರಟ ಹಳದಿ ಮಾರ್ಗ ಬಿಟಿಎಂ ಲೇಔಟಿಗೂ ರೈಲು ತಂದಿತು.

ನಮ್ಮ ಮೆಟ್ರೊ ಸ್ಟ್ಯಾಂಡರ್ಡ್ ಗೇಜ್, ಸರಿಯಾಗಿ 1,435 ಮಿಲಿಮೀಟರ್. ಎಚ್‌ಒ ಹಳಿಗೂ ಎನ್ ಹಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದುವ ಬೆಂಗಳೂರಿನ ರೈಲು ಇದೊಂದೇ. ಬೋಗಿಯ ಉದ್ದ ಸುಮಾರು 21 ಮೀಟರ್. ಆರು ಬೋಗಿಯ ಪೂರ್ತಿ ಗಾಡಿ ಎಚ್‌ಒದಲ್ಲಿ ಒಂದೂವರೆ ಮೀಟರ್, ಎನ್‌ನಲ್ಲಿ 80 ಸೆಂಟಿಮೀಟರ್. ಒಂದು ಬೋಗಿಯನ್ನೂ ಕಡಿಮೆ ಮಾಡದೆ ಮನೆಗೆ ತರಬಹುದಾದ ಗಾಡಿ. ವಿದ್ಯುತ್ತು ಹಳಿಯ ಪಕ್ಕದ ಮೂರನೇ ಹಳಿಯಿಂದ ಬರುವುದರಿಂದ ಮೇಲೆ ತಂತಿಯ ಜಾಲವೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಮೆಟ್ರೊ ಸುತ್ತು ಹಾಕುವುದಿಲ್ಲ. ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿಂದ ಹಿಂದುಮುಂದಾಗಿ ವಾಪಸು ಬರುತ್ತದೆ. ಹಾಗಾಗಿ ತಿರುವಿನ ಗೋಳೇ ಇಲ್ಲ. ಗೋಡೆಗೆ ಬ್ರ್ಯಾಕೆಟ್ ಹೊಡೆದು ಒಂದಡಿ ಅಗಲದ ಹಲಗೆ ಕೂರಿಸಿದರೆ ಮಾರ್ಗ ಸಿದ್ಧ. ಎಸ್.ಪಿ. ರೋಡಿನಲ್ಲಿ ಸಿಗುವ ಆರ್ಡುಯಿನೊ ಬೋರ್ಡು, ಎರಡು ಸೆನ್ಸರು ಸೇರಿಸಿದರೆ ಗಾಡಿ ತಾನಾಗಿ ನಿಂತು ತಾನಾಗಿ ಹೊರಡುತ್ತದೆ.

ಎನ್‌ನಲ್ಲಿ ಮೆಟ್ರೊ ಮಾಡುವವರಿಗೆ ಇನ್ನೊಂದು ಅನುಕೂಲವಿದೆ. ಜಪಾನಿನವರ ಎನ್ ಮಾಡೆಲ್‌ಗಳು ಹೆಚ್ಚಾಗಿ 1:150ರವು, ಅವರ ಲೋಕಲ್ ರೈಲಿನ ಬೋಗಿ 20 ಮೀಟರ್. ಲೆಕ್ಕ ಹಾಕಿದರೆ 133 ಮಿಲಿಮೀಟರ್. ನಮ್ಮ ಮೆಟ್ರೊ ಬೋಗಿ 1:160ರಲ್ಲಿ 131. ಜಪಾನಿನ ಮೋಟಾರು, ಚಕ್ರ, ಚಾಸಿಸ್ ಹಾಗೇ ಇಟ್ಟುಕೊಂಡು ಮೇಲೆ 3ಡಿ ಪ್ರಿಂಟ್ ಮಾಡಿದ ಮೆಟ್ರೊ ಮೈ ಕೂರಿಸಿದರೆ ಎರಡು ಮಿಲಿಮೀಟರಿನ ತಕರಾರನ್ನು ಯಾರೂ ಎತ್ತುವುದಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕರ್ ಸೇತುವೆ ಅದಕ್ಕೆ ಒಳ್ಳೆಯ ಹಿನ್ನೆಲೆ. ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ರೈಲು. ಪೂರ್ತಿ 3.36 ಕಿಲೋಮೀಟರ್ ಕಟ್ಟಲು ಎನ್‌ನಲ್ಲೂ 21 ಮೀಟರ್ ಬೇಕಾಗುತ್ತದೆ. ಆದರೆ ನಾಲ್ಕು ಕಂಬಗಳ ನಡುವಿನ ತುಣುಕು ಸಾಕು. ಕೆಳಗಿನ ಟ್ರಾಫಿಕ್ ಜಾಮಿಗೆ ಮೋಟಾರೂ ಬೇಡ, ಕಾರುಗಳನ್ನು ಅಂಟಿಸಿಬಿಟ್ಟರಾಯಿತು.

ಮೀಟರ್‌ಗೇಜ್ ನೋಡಿ ಬೆಳೆದವರು ಈಗ ನಲವತ್ತು ದಾಟಿದ್ದಾರೆ. ಬೆಂಗಳೂರು–ಮೈಸೂರು ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ವೈಪಿ ಉಗಿ ಎಂಜಿನ್, ಆಮೇಲಿನ ವೈಡಿಎಂ–4 ಡೀಸೆಲ್, ಮದ್ದೂರಿನಲ್ಲಿ ಕಿಟಕಿಗೆ ಬರುತ್ತಿದ್ದ ವಡೆ, ಈ ನೆನಪಿನವರಿಗೆ ಮೆಟ್ರೊ ರುಚಿಸಲಾರದು. ಅವರು ನ್ಯೂಜಿಲೆಂಡಿನ ಉಪಾಯವನ್ನು ಎರವಲು ಪಡೆಯಬಹುದು. ಅಲ್ಲಿನ ಗೇಜ್ 1,067 ಮಿಲಿಮೀಟರ್. ಅಲ್ಲಿನ ಹವ್ಯಾಸಿಗಳಲ್ಲಿ ಒಂದು ಗುಂಪು ಮೈಯನ್ನು 1:120ರಲ್ಲಿ ಮಾಡಿ ಎನ್‌ನ 9 ಮಿಲಿಮೀಟರ್ ಹಳಿಯ ಮೇಲೆ ಓಡಿಸುತ್ತದೆ. ನಮ್ಮ ಮೀಟರ್‌ಗೇಜಿಗೂ ಅದೇ 120 ಇಟ್ಟರೆ ಬೇಕಾದ ಹಳಿ 8.3, ಇರುವುದು 9. ತುಸು ಅಗಲವಾಯಿತು, ಆದರೆ ಬ್ರಾಡ್‌ಗೇಜನ್ನು ಎಚ್‌ಒದಲ್ಲಿ ಹಿಚುಕುವುದರ ಮುಂದೆ ಇದು ಏನೂ ಅಲ್ಲ. ಹಾರ್ನ್‌ಬಿ 2022ರಲ್ಲಿ 1:120ರ ‘ಟಿಟಿ’ ಸಾಲನ್ನು ಶುರುಮಾಡಿದ್ದರಿಂದ ಆ ಅಳತೆಯ ಮನೆ, ಮನುಷ್ಯ, ಕಾರುಗಳೂ ಸಿಗುತ್ತವೆ. 87ನ್ನೇ ಬಯಸುವವರಿಗೆ ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ನೆರವಿಗೆ ಬರುತ್ತದೆ. ಅದೂ ಮೀಟರ್‌ಗೇಜ್. ಅದಕ್ಕಾಗಿ ಬೆಮೊ ಕಂಪನಿ ಮಾಡುವ 12 ಮಿಲಿಮೀಟರಿನ ಹಳಿ ನಮ್ಮ ಲೆಕ್ಕದ 11.5ಕ್ಕೆ ಹತ್ತಿರ. ಬೆಲೆ ಮಾತ್ರ ಸ್ವಿಟ್ಜರ್ಲೆಂಡಿನದೇ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯೂ 1979ರಲ್ಲಿ ಮೀಟರ್‌ಗೇಜ್ ಆಗಿಯೇ ತೆರೆದದ್ದು. 57 ಸುರಂಗ, 1:50ರ ಏರು. ಮಾಡೆಲ್ ಕಟ್ಟುವವರಿಗೆ ಸುರಂಗ ಎಂದರೆ ದೇವರು ಕೊಟ್ಟ ಕಳ್ಳದಾರಿ. ಕೋಣೆಯ ಮೂಲೆಯ ಕಡಿದಾದ ತಿರುವನ್ನು ಗುಡ್ಡದೊಳಗೆ ಅಡಗಿಸಿ, ಗಾಡಿ ಸೇತುವೆಯ ಮೇಲೆ ಹೊರಬರುವಷ್ಟನ್ನೇ ತೋರಿಸಬಹುದು. ಎಡಕುಮೇರಿಯಲ್ಲಿ ಮುಳುಗಿದ ಗಾಡಿ ಶಿರಿಬಾಗಿಲಿನಲ್ಲಿ ಎದ್ದರೆ ನಡುವೆ ಏನಾಯಿತೆಂದು ಕೇಳುವವರಿಲ್ಲ. ಏರಿನ ವಿಷಯದಲ್ಲಿ ಮಾತ್ರ ಹುಷಾರು. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಎಚ್‌ಒದಲ್ಲಿ ಏಳೂವರೆ ಸೆಂಟಿಮೀಟರ್ ಎತ್ತರ ಬೇಕು ಎಂದಿಟ್ಟುಕೊಳ್ಳಿ. 1:50ರ ಏರಿನಲ್ಲಿ ಅಷ್ಟು ಹತ್ತಲು ಮೂರೂಮುಕ್ಕಾಲು ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ಪ್ಲೈವುಡ್ ಹಾಳೆ ಇರುವುದು ಎರಡೂವರೆ ಮೀಟರ್.

ತಾರಸಿಯಲ್ಲಿ ಕುಂಡಗಳ ನಡುವೆ ದೊಡ್ಡ ರೈಲು ಓಡಿಸುವ ಆಸೆ ಇರುವವರಿಗೂ ಮೀಟರ್‌ಗೇಜೇ ಒಲಿಯುತ್ತದೆ. ಜರ್ಮನಿಯ ಎಲ್‌ಜಿಬಿ ಕಂಪನಿ 1968ರಲ್ಲಿ ಜಿ ಅಳತೆಯನ್ನು ತಂದದ್ದೇ ಮೀಟರ್‌ಗೇಜ್ ರೈಲುಗಳನ್ನು 1:22.5ಕ್ಕೆ ಇಳಿಸಿ. ಹಳಿ ಸರಿಹೊಂದುತ್ತದೆ, ದುಡ್ಡು ಹೊಂದಿಸುವುದು ಕಷ್ಟ. ಬೆಂಗಳೂರಿನ ಬಿಸಿಲು ಪ್ಲಾಸ್ಟಿಕ್ ಮೈಯ ಬಣ್ಣ ತಿನ್ನುತ್ತದೆ. ಆಟ ಮುಗಿದ ಮೇಲೆ ಗಾಡಿಗಳನ್ನು ಒಳಗೆ ಹೊತ್ತುಕೊಂಡು ಬರಬೇಕು, ಒಣಗಿಹಾಕಿದ ಬಟ್ಟೆಯ ಜೊತೆಗೆ.

ನನ್ನ ಮತ ಕೇಳಿದರೆ ನಾನು ನ್ಯಾರೋಗೇಜಿನ ಕಡೆ. ಎರಡೂವರೆ ಅಡಿ ಎಂದರೆ 762 ಮಿಲಿಮೀಟರ್. 1:87ರಲ್ಲಿ ಅದಕ್ಕೆ ಬೇಕಾದ ಹಳಿ 8.76 ಮಿಲಿಮೀಟರ್. ಎನ್ ಹಳಿ 9. ವ್ಯತ್ಯಾಸ ಶೇ 3 ಕೂಡ ಇಲ್ಲ. ಯುರೋಪಿನವರು ಈ ಜೋಡಿಯನ್ನು ಬಹಳ ಹಿಂದೆಯೇ ಕಂಡುಕೊಂಡು ‘ಎಚ್‌ಒಇ’ ಎಂದು ಕರೆದಿದ್ದಾರೆ. ಇದರಲ್ಲಿ ಎನ್‌ನ ಕಿರಿದಾದ ತಿರುವೂ ಸಿಗುತ್ತದೆ, ಎಚ್‌ಒದ ಕೈಗೆ ಸಿಗುವ ಗಾತ್ರವೂ ಸಿಗುತ್ತದೆ. ಚಾಳೀಸು ಬಂದ ಕಣ್ಣಿಗೆ ಎನ್‌ನ ಕಪ್ಲರ್ ಹಾಕುವುದು ಸೂಜಿಗೆ ದಾರ ಪೋಣಿಸುವ ಕೆಲಸ, 87ರ ಬಾಗಿಲು–ಕಿಟಕಿಗಳನ್ನು ಕನ್ನಡಕ ಹಾಕಿ ಅಂಟಿಸಬಹುದು. ಈ ಮಾರ್ಗದ ಗಾಡಿಗಳು ಮೊದಲೇ ಗಿಡ್ಡ. ನಾಲ್ಕು ಪುಟ್ಟ ಬೋಗಿ, ಒಂದೆರಡು ಗೂಡ್ಸ್ ವ್ಯಾಗನ್ ಕಟ್ಟಿದರೆ ಅದೇ ಮಿಕ್ಸೆಡ್ ಗಾಡಿ. ಕಡಿಮೆಯಾಯಿತೆಂದು ಯಾರೂ ಎನ್ನಲಾರರು. ನಿಲ್ದಾಣವೂ ಸಣ್ಣದು. ಹೆಂಚಿನ ಮಾಡಿನ ನಂದಿ ಹಾಲ್ಟ್ ಈಗಲೂ ಇದೆ, ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಹೋದವರು ಅಳತೆ, ಫೋಟೊ ತೆಗೆದುಕೊಂಡು ಬರಬಹುದು. ಹಿಂದೆ ನಂದಿಬೆಟ್ಟದ ಚಿತ್ರ, ಮುಂದೆ ದ್ರಾಕ್ಷಿ ಚಪ್ಪರ, ನಡುವೆ ಆರಡಿ ಉದ್ದದ ಹಲಗೆ.

ಇಷ್ಟೆಲ್ಲ ಕಟ್ಟುವ ತಾಳ್ಮೆ ಇದೆಯೋ ಇಲ್ಲವೋ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ದಸರೆಗಿಂತ ಒಳ್ಳೆಯ ಸಮಯವಿಲ್ಲ. ಬಸವನಗುಡಿ, ಜಯನಗರದ ಎಷ್ಟೋ ಮನೆಗಳಲ್ಲಿ ಪಟ್ಟದ ಗೊಂಬೆಗಳ ಮೆಟ್ಟಿಲ ಪಕ್ಕದಲ್ಲಿ ಪಾರ್ಕು, ಕೆರೆ, ಮೃಗಾಲಯ ಕಟ್ಟುವ ರೂಢಿ ಇದೆ. ಅಲ್ಲಿ ಮೊಳಕೆಯೊಡೆದ ರಾಗಿ ಪೈರೇ ಹುಲ್ಲುಹಾಸು, ಚೆಟ್ಟಿಯಾರ್ ಗೊಂಬೆಯ ಅಂಗಡಿಗೆ ಮೂರು ಪಟ್ಟು ದೊಡ್ಡ ಆನೆ ಬಂದರೂ ಯಾರೂ ಸ್ಕೇಲ್ ಕೇಳುವುದಿಲ್ಲ. ಒಂದು ಎನ್ ಸೆಟ್ ಅಲ್ಲಿ ಸುತ್ತಿಸಿ ನೋಡಿ. ಒಂಬತ್ತು ದಿನ ಮಕ್ಕಳು, ಬಂದ ನೆಂಟರು, ಅರಿಸಿನ ಕುಂಕುಮಕ್ಕೆ ಬಂದವರ ನಡುವೆ ಹಳಿ ತಪ್ಪಿದ ಗಾಡಿಯನ್ನು ಎತ್ತಿ ಎತ್ತಿ ಇಡುವಾಗ ನಿಮ್ಮ ಬೆರಳಿಗೂ ತಾಳ್ಮೆಗೂ ಎನ್ ಒಗ್ಗುತ್ತದೆಯೇ ಎಂಬುದು ಗೊತ್ತಾಗುತ್ತದೆ. ಕಾಟೊ, ಟೊಮಿಕ್ಸ್‌ನಂಥ ಜಪಾನಿ ಹಳಿಗಳು ಜಲ್ಲಿಯಂತೆ ಕಾಣುವ ಪ್ಲಾಸ್ಟಿಕ್ ತಳದೊಂದಿಗೇ ಬರುವುದರಿಂದ ಜೋಡಿಸಿ, ಬಿಚ್ಚಿ, ಡಬ್ಬಕ್ಕೆ ಹಾಕಬಹುದು. ಅಂದಹಾಗೆ ಐದು ಸೆಂಟಿಮೀಟರ್ ಬೆಳೆದ ರಾಗಿ ಪೈರು ಎನ್‌ನಲ್ಲಿ ಎಂಟು ಮೀಟರಿನ ಬಿದಿರು ಮೆಳೆ, ಎಚ್‌ಒದಲ್ಲಿ ನಾಲ್ಕು ಮೀಟರ್ ಮೀರಿದ ಕಬ್ಬಿನ ಗದ್ದೆ. ಮಂಡ್ಯ ಕಟ್ಟುವವರು ಗಮನಿಸಲಿ.

ಸಾಮಾನಿನ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಭಾಗ್ಯ, ಒಂದು ಶಾಪ. ಎರಡೂ ಮನೆ ಕಟ್ಟುವ ಕೆಲಸದಿಂದಲೇ ಬಂದವು. ಹಳಿಯ ಕೆಳಗಿನ ಜಲ್ಲಿ ನಿಜದಲ್ಲಿ ಸುಮಾರು 50 ಮಿಲಿಮೀಟರ್ ಗಾತ್ರದ್ದು. 87ಕ್ಕೆ ಇಳಿಸಿದರೆ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು, 160ಕ್ಕೆ 0.3. ಯಾವ ಬೀದಿಗೆ ಹೋದರೂ ಕಾಂಪೌಂಡಿನ ಹೊರಗೆ ಬಿದ್ದಿರುವ ಎಂ–ಸ್ಯಾಂಡನ್ನು ಒಂದು ಹಿಡಿ ಕೇಳಿ ತಂದು ಎರಡು ಜರಡಿಯಲ್ಲಿ ಆಡಿಸಿ, ದೂಳು ತೊಳೆದರೆ ಅಪ್ಪಟ ಕರಿಗಲ್ಲಿನ ಜಲ್ಲಿ, ಯಾವ ವಿದೇಶಿ ಪೊಟ್ಟಣವೂ ಬೇಡ. ಶಾಪವೂ ಅಲ್ಲಿಂದಲೇ ಬರುತ್ತದೆ. ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ದ ದಿನ ಹಳಿಯ ಮೇಲೆ ಕೂತ ದೂಳು ಚಕ್ರಕ್ಕೆ ಕರೆಂಟು ಮುಟ್ಟಗೊಡುವುದಿಲ್ಲ. ಗಾಡಿ ಹಗುರವಾದಷ್ಟೂ ಕಷ್ಟ. ಝಡ್ ಎಂಜಿನ್ನು ಒಂದು ಕಣಕ್ಕೇ ಮುಗ್ಗರಿಸುತ್ತದೆ, ಎನ್ ಗೊಣಗುತ್ತದೆ, ಎಚ್‌ಒ ತನ್ನ ತೂಕದಿಂದ ಒತ್ತಿಕೊಂಡು ಹೋಗಿಬಿಡುತ್ತದೆ. ಹೊಸ ಬಡಾವಣೆಯಲ್ಲಿ, ರಸ್ತೆ ಬದಿಯ ಮನೆಯಲ್ಲಿ ಇರುವವರು ಝಡ್ ಕಡೆ ತಲೆಹಾಕದಿರುವುದೇ ಲೇಸು. ಗಾಜಿನ ಮುಚ್ಚಳದ ಟೀಪಾಯಿಯೊಳಗೆ ಕಟ್ಟುವುದಾದರೆ ಬೇರೆ ಮಾತು. ಉಳಿದವರು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳಿ ಒರೆಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಹಲಗೆಗೆ ಮೆರೈನ್ ಪ್ಲೈ ಹಾಕಿಸಿದರೆ ಮಳೆಗಾಲದ ಉಬ್ಬಸವೂ ತಪ್ಪುತ್ತದೆ. ನೆಲಮಹಡಿಯವರು ಗೆದ್ದಲಿನ ಮೇಲೂ ಒಂದು ಕಣ್ಣಿಡಲಿ.

ಜಪಾನಿನಿಂದ ತರಿಸಿದ ಪವರ್ ಪ್ಯಾಕ್ 100 ವೋಲ್ಟಿನದ್ದು. ನಮ್ಮ ಗೋಡೆಯ 230ಕ್ಕೆ ನೇರವಾಗಿ ಚುಚ್ಚಿದರೆ ಅದೇ ಅದರ ಕೊನೆಯ ಪ್ರಯಾಣ. ಹಳಿಗೆ ಬೇಕಿರುವುದು 12 ವೋಲ್ಟ್ ಡಿಸಿ ಮಾತ್ರ, ಎಸ್.ಪಿ. ರೋಡಿನ ಅಡಾಪ್ಟರು ಮತ್ತು ಒಂದು ವೇಗ ನಿಯಂತ್ರಕ ಸಾಕು. ಬೆಲೆಯ ಮಾತು ಬಂದರೆ, ಚಿಕ್ಕ ಸ್ಕೇಲ್ ಅಗ್ಗ ಎಂಬ ನಂಬಿಕೆ ಹಲವರಿಗಿದೆ. ಹಾಗಿಲ್ಲ. ಎನ್ ಎಂಜಿನ್ನಿನೊಳಗೂ ಅಷ್ಟೇ ಹಲ್ಲಿನಚಕ್ರ, ಅಷ್ಟೇ ಕೆಲಸ. ಉಳಿಯುವುದು ಜಾಗ, ದುಡ್ಡಲ್ಲ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿದಾಗ ಈ ಹವ್ಯಾಸದವರ ಜೇಬಿಗೂ ಬಿಸಿ ತಟ್ಟಿತು. ಕಸ್ಟಮ್ಸ್ ಕಣ್ಣಿಗೆ ಐವತ್ತು ವರ್ಷದವನ ಎಂಜಿನ್ನೂ ಆಟಿಕೆಯೇ. ಹಾಗಾಗಿ ಹಳಿ ಮತ್ತು ಮೋಟಾರು ಎರಡನ್ನೇ ಹೊರಗಿನಿಂದ ತರಿಸಿ, ಉಳಿದ ಮೈಯೆಲ್ಲ ಇಲ್ಲೇ ಮಾಡಿಕೊಳ್ಳುವುದು ಜಾಣತನ. ನ್ಯಾರೋಗೇಜನ್ನು ಇಷ್ಟು ಹೊಗಳಲು ಇದೂ ಒಂದು ಕಾರಣ. ಎನ್‌ನ ಯಾವುದಾದರೂ ಗಟ್ಟಿ ಚಾಸಿಸ್ ಕೊಂಡರೆ ಮೇಲಿನ ಕ್ಯಾಬು, ಬಾಯ್ಲರು, ಚಿಮಣಿಗಳನ್ನು ಹಾಳೆ ಪ್ಲಾಸ್ಟಿಕ್ಕಿನಿಂದಲೋ 3ಡಿ ಪ್ರಿಂಟಿನಿಂದಲೋ ಎಬ್ಬಿಸಬಹುದು. ಬೋಗಿಯ ಮರದ ಪಟ್ಟಿಗಳಿಗೆ ಐಸ್‌ಕ್ಯಾಂಡಿ ಕಡ್ಡಿಯೂ ನಡೆಯುತ್ತದೆ.

ಕಟ್ಟುವ ಮೊದಲು ಮೈಸೂರಿಗೆ ಒಂದು ಟಿಕೆಟ್ ತೆಗೆಯಿರಿ. ಅಲ್ಲಿ 1979ರಲ್ಲಿ ಶುರುವಾದ ರೈಲು ಮ್ಯೂಸಿಯಂನಲ್ಲಿ ಇಂಗ್ಲೆಂಡಿನ ಬ್ಯಾಗ್ನಲ್ ಕಂಪನಿ ಮಾಡಿದ ಇಎಸ್ 506 ಎಂಬ ನ್ಯಾರೋಗೇಜ್ ಉಗಿ ಎಂಜಿನ್ ನಿಂತಿದೆ. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ಚಾಸಿಸ್ ಹುಡುಕುವಾಗ ನೋಡಬೇಕಾದದ್ದು ನಡುವಿನ ಆ ಆರು ಚಕ್ರಗಳ ಅಂತರವನ್ನು. ಉಳಿದವನ್ನು ಆಮೇಲೆ ಸೇರಿಸಬಹುದು. ಟೇಪು, ನೋಟ್‌ಬುಕ್ಕು, ಮತ್ತು ಪ್ರತಿ ಫೋಟೊದಲ್ಲೂ ಎಂಜಿನ್ನಿನ ಪಕ್ಕ ನಿಲ್ಲಿಸಲು ಮೂವತ್ತು ಸೆಂಟಿಮೀಟರಿನ ಸ್ಕೂಲ್ ಸ್ಕೇಲು ಒಯ್ಯಿರಿ. ಅದು ಫೋಟೊದಲ್ಲಿದ್ದರೆ ಮರೆತ ಅಳತೆಯನ್ನು ಮನೆಯಲ್ಲಿ ಕೂತು 87ರಿಂದ ಭಾಗಿಸಿ ತೆಗೆದುಕೊಳ್ಳಬಹುದು.